ಆಸ್ಪತ್ರೆಯ ಮಂಚದ ಮೇಲೆ ಉಮ್ಮನ ನಮಾಝ್

ಉಮ್ಮ ಬಿದ್ದದ್ದು ವುಝೂಗೆ ಹೋಗುವಾಗ. 2022ರ ಜುಲೈ ತಿಂಗಳು. ಮೂರು ದಿನಗಳಿಂದ ಬಿಡದೆ ಸುರಿಯುತ್ತಿದ್ದ ಮಳೆಗೆ ಬಚ್ಚಲಿನ ಕಲ್ಲೆಲ್ಲ ಪಾಚಿ ಹಿಡಿದಿತ್ತು. ಅಸರ್‌ನ ಆಝಾನ್ ಕೇಳಿ ಎದ್ದವರು ಹೊಸ್ತಿಲು ದಾಟಿದ್ದೇ ತಡ, ಜಾರಿ ಎಡಮಗ್ಗುಲಿಗೆ ಬಿದ್ದರು. ನಾವು ಓಡಿ ಹೋಗಿ ಎತ್ತಲು ನೋಡಿದರೆ ಅವರಿಗೆ ಕಾಲು ಊರಲಾಗಲಿಲ್ಲ. ಬಂಟ್ವಾಳದ ಕಡೆಯ ನಮ್ಮ ಹಳ್ಳಿಯಿಂದ ಮಂಗಳೂರಿಗೆ ಹೋಗುವ ದಾರಿಯುದ್ದಕ್ಕೂ ಉಮ್ಮ ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಒಂದೇ: “ಅಸರ್‌ನ ಸಮಯ ಹೋಯಿತೇ?”

ನಾನು, “ಈಗ ಅದರ ಚಿಂತೆ ಬೇಡ ಉಮ್ಮಾ” ಎಂದೆ. ಸಮಾಧಾನಕ್ಕೆಂದು ಹೇಳಿದ ಮಾತು ಅದು. ಆ ಮಾತು ಅವರ ಎದೆಯಲ್ಲಿ ಎಲ್ಲಿ ಹೋಗಿ ಕುಳಿತಿತೆಂದು ನನಗೆ ತಿಳಿದದ್ದು ಐದು ದಿನಗಳ ನಂತರ.

ಎಕ್ಸ್‌ರೇ ನೋಡಿದ ವೈದ್ಯರು, ತೊಡೆಯ ಮೂಳೆಯ ಕತ್ತು ಮುರಿದಿದೆ, ಈ ವಯಸ್ಸಿನಲ್ಲಿ ಅದು ತಾನಾಗಿ ಕೂಡುವುದು ಕಷ್ಟ, ಮೂಳೆಯ ಉಂಡೆಯನ್ನು ತೆಗೆದು ಲೋಹದ್ದನ್ನು ಕೂರಿಸಬೇಕು ಎಂದರು. ಉಮ್ಮನಿಗೆ ಆಗ 71 ವರ್ಷ. ಸಕ್ಕರೆ ಕಾಯಿಲೆಯೂ ಇತ್ತು. ಎರಡು ದಿನಗಳಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಯಿತು.

ಪ್ರಿಯ ಸಹೋದರಿಯರೇ, ಇಂತಹ ಸಂದರ್ಭ ನಿಮ್ಮ ಮನೆಯಲ್ಲೂ ಬಂದಿರಬಹುದು. ಆಗ ನೀವು ಏನೆಲ್ಲ ಯೋಚಿಸಿದಿರಿ ಎಂದು ಒಮ್ಮೆ ನೆನಪಿಸಿಕೊಳ್ಳಿ. ನಾವು ರಕ್ತ ಕೊಡುವವರನ್ನು ಹುಡುಕಿದೆವು. ವಿಮೆಯ ಕಾಗದಗಳಿಗಾಗಿ ಕಪಾಟು ತಡಕಾಡಿದೆವು. ಗಲ್ಫಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆವು. ರಾತ್ರಿ ಯಾರು ಉಳಿಯುವುದು, ಗಂಜಿ ಯಾರ ಮನೆಯಿಂದ ತರುವುದು, ಮಕ್ಕಳನ್ನು ಶಾಲೆಗೆ ಯಾರು ಬಿಡುವುದು ಎಂದೆಲ್ಲ ಪಟ್ಟಿ ಮಾಡಿದೆವು. ಆರು ವರ್ಷದವಳಿಂದ ಇಂದಿನವರೆಗೆ ಒಂದು ಹೊತ್ತಿನ ನಮಾಝನ್ನೂ ಬಿಡದ ಹೆಂಗಸು ಇನ್ನು ನಮಾಝ್ ಹೇಗೆ ನಿರ್ವಹಿಸುತ್ತಾರೆ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ರೋಗಿಗೆ ರಿಯಾಯಿತಿ ಇದೆಯಲ್ಲ, ಗುಣವಾದ ಮೇಲೆ ಕಝಾ ಮಾಡಿದರಾಯಿತು ಎಂದು ನಾವೆಲ್ಲ ಸುಲಭವಾಗಿ ನಂಬಿಬಿಟ್ಟಿದ್ದೆವು.

ಶಸ್ತ್ರಚಿಕಿತ್ಸೆಯ ದಿನ ಬೆಳಗ್ಗೆ ನಾನು ಮಾಡಲಿದ್ದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಉಮ್ರಾ ಮುಗಿಸಿ ಬಂದಿದ್ದ ಸಂಬಂಧಿಯೊಬ್ಬರು ಝಮ್‌ಝಮ್ ನೀರು ಕೊಟ್ಟು, “ಒಳಗೆ ಕರೆದೊಯ್ಯುವ ಮುಂಚೆ ಬಿಸ್ಮಿಲ್ಲಾಹ್ ಹೇಳಿ ಕುಡಿಸು” ಎಂದಿದ್ದರು. ಹಿಂದಿನ ರಾತ್ರಿ ಹನ್ನೆರಡರಿಂದ ಹನಿ ನೀರೂ ಕೊಡಬಾರದೆಂದು ಆಸ್ಪತ್ರೆಯವರು ಹೇಳಿದ್ದು ನನಗೆ ಗೊತ್ತಿತ್ತು. ಆದರೆ ಝಮ್‌ಝಮ್ ಅಲ್ಲವೇ, ನಾಲ್ಕು ಚಮಚದಲ್ಲಿ ಏನಾದೀತು ಎಂದುಕೊಂಡೆ! ಲೋಟ ಉಮ್ಮನ ತುಟಿಯ ಹತ್ತಿರ ಹೋಗುವಷ್ಟರಲ್ಲಿ ಸಿಸ್ಟರ್ ಓಡಿ ಬಂದು ತಡೆದರು. ಅರಿವಳಿಕೆಯ ಸಮಯದಲ್ಲಿ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ ಎಂದು ವಿವರಿಸಿದರು. ಮರುದಿನ ವೈದ್ಯರು ನೀರು ಕೊಡಬಹುದೆಂದ ಮೇಲೆ ಉಮ್ಮ ಮೊದಲು ಕುಡಿದದ್ದು ಅದೇ ಝಮ್‌ಝಮ್. ಬರಕತ್ ಒಂದು ದಿನ ಕಾಯಲಾರದೇ? ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ, ಮುದಿತನವೊಂದನ್ನು ಬಿಟ್ಟು, ಮದ್ದನ್ನೂ ಇಳಿಸಿದ್ದಾನೆ, ಆದ್ದರಿಂದ ಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂದು ಪ್ರವಾದಿಯವರು(ಸ) ಬೋಧಿಸಿದ್ದಾರೆ. ಮದ್ದು ಕೊಡುವವರ ಮಾತನ್ನು ಕೇಳುವುದೂ ಆ ಬೋಧನೆಯಲ್ಲೇ ಸೇರಿದೆಯಲ್ಲವೇ? ಉಮ್ಮನಿಗೆಂದು ಬಂದ ಜೇನು, ಕರಿಜೀರಿಗೆ, ಖರ್ಜೂರಗಳ ವಿಷಯವೂ ಹಾಗೆಯೇ. ಸಕ್ಕರೆ ಕಾಯಿಲೆ ಇರುವವರಿಗೆ, ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಪಡೆಯುತ್ತಿರುವವರಿಗೆ ಇವನ್ನು ಕೊಡುವ ಮುಂಚೆ ವೈದ್ಯರನ್ನು ಕೇಳಿ. ಮುಚ್ಚಿಟ್ಟು ಕೊಡಬೇಡಿ.

ಥಿಯೇಟರಿಗೆ ಹೋಗುವಾಗ ಉಮ್ಮನ ತಲೆವಸ್ತ್ರ ತೆಗೆಯಬೇಕಾಯಿತು. ಅವರ ಕಣ್ಣಲ್ಲಿ ನೀರು ಬಂದದ್ದು ಆಗಲೇ. ಅದನ್ನು ಕಂಡ ಕೇರಳದ ಆ ಕ್ರೈಸ್ತ ಸಿಸ್ಟರ್ ತಾನೇ ಉಮ್ಮನ ಕೂದಲನ್ನೆಲ್ಲ ಹಸಿರು ಟೊಪ್ಪಿಯೊಳಗೆ ಸೇರಿಸಿ, ಕುತ್ತಿಗೆಯವರೆಗೆ ಹೊದಿಕೆ ಎಳೆದು, “ಯಾರೂ ನೋಡಲ್ಲ ಉಮ್ಮಾ, ನಾನು ಒಳಗೇ ಬಿಟ್ಟು ಬರ್ತೇನೆ” ಎಂದರು. ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಮೊದಲೇ ವಿನಯದಿಂದ ಕೇಳಿಕೊಂಡರೆ ನಡೆಸಿಕೊಡುವವರು ಇದ್ದಾರೆ. ಕೇಳುವುದಕ್ಕೆ ನಾವೇ ಹಿಂಜರಿಯುತ್ತೇವೆ.

ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಉಮ್ಮ ಚೆನ್ನಾಗಿರಲಿಲ್ಲ. ಆ ರಾತ್ರಿ ಅವರಿಗೆ ಎಲ್ಲಿದ್ದೇನೆಂಬುದೇ ಮರೆತುಹೋಯಿತು. ತೀರಿಹೋಗಿ ಮೂವತ್ತು ವರ್ಷಗಳಾದ ತನ್ನ ತಾಯಿಯನ್ನು ಕರೆದರು. ಕೈಗೆ ಹಾಕಿದ್ದ ಡ್ರಿಪ್ಪಿನ ಸೂಜಿಯನ್ನು ಕೀಳಲು ನೋಡಿದರು. ನಾನು ಹೆದರಿ ಅಳಲು ಶುರುಮಾಡಿದೆ. ವಯಸ್ಸಾದವರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಈ ರೀತಿಯ ಗೊಂದಲ ಕಾಣಿಸಿಕೊಳ್ಳುವುದಿದೆ ಎಂದು ವೈದ್ಯರು ಧೈರ್ಯ ಹೇಳಿದರು. ಕನ್ನಡಕ ಹಾಕಿಸಿ, ಹಗಲು ಕಿಟಕಿ ತೆರೆದಿಡಿ, ಇವತ್ತು ಯಾವ ದಿನ, ಈಗ ಎಷ್ಟು ಹೊತ್ತು ಎಂದು ಆಗಾಗ ಹೇಳುತ್ತಿರಿ, ಪರಿಚಿತ ಮುಖ ಹತ್ತಿರವಿರಲಿ ಎಂದರು. ಎರಡನೆಯ ರಾತ್ರಿ ಗೊಂದಲ ಸ್ವಲ್ಪ ಕಡಿಮೆಯಾಯಿತು. ಆ ಬಳಿಕ ಶುರುವಾದದ್ದು ಮೌನ. ಉಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಗಂಜಿ ಎರಡು ಚಮಚಕ್ಕೆ ಸಾಕೆನ್ನುತ್ತಿದ್ದರು. ವಾಕರ್ ಹಿಡಿಸಿ ನಿಲ್ಲಿಸಲು ಬಂದ ಫಿಸಿಯೋಥೆರಪಿಯ ಹುಡುಗಿಗೆ ಬೇಡವೆಂದು ಕೈಯಾಡಿಸಿದರು. ನೋವಿರಬೇಕೆಂದು ನಾವು ನೋವಿನ ಮದ್ದು ಕೇಳಿದೆವು.

ಬಿದ್ದ ಐದನೆಯ ದಿನ ಬೆಳಗ್ಗೆ ಅದೇ ಸಿಸ್ಟರ್ ಮೈ ಒರೆಸಿ ಬಟ್ಟೆ ಬದಲಿಸುತ್ತಾ ಸಹಜವಾಗಿ ಕೇಳಿದರು: “ಉಮ್ಮಾ, ನೀವು ನಿಸ್ಕಾರ ಮಾಡಲ್ವಾ? ನಿಮ್ಮವರೆಲ್ಲ ಮಂಚದಲ್ಲೇ ಮಾಡ್ತಾರಲ್ಲ?”

ಉಮ್ಮ ಬಿಕ್ಕಿ ಬಿಕ್ಕಿ ಅತ್ತರು. ಮೂತ್ರದ ಚೀಲವನ್ನು ತೋರಿಸಿ, “ಇದನ್ನು ಕಟ್ಟಿಕೊಂಡು, ಈ ಕೊಳೆಯಲ್ಲಿ ಬಿದ್ದುಕೊಂಡು ನಾನು ಹೇಗೆ ಅಲ್ಲಾಹನ ಹೆಸರು ಹೇಳಲಿ? ತಸ್ಬೀಹ್ ಕೂಡಾ ಮುಟ್ಟಲಿಲ್ಲ ಮಗಳೇ, ನಾಲಿಗೆಯ ಮೇಲೆ ಒಂದು ದಿಕ್ರ್ ಕೂಡಾ ತರಲಿಲ್ಲ. ಹೀಗೆಯೇ ಸತ್ತುಹೋದರೆ?” ಎಂದರು.

ಸಹೋದರಿಯರೇ, ನನಗೆ ಆಗ ಆದ ನಾಚಿಕೆಯನ್ನು ಹೇಗೆ ಹೇಳಲಿ? ಅವರ ಜ್ವರ ಎಷ್ಟು, ಸಕ್ಕರೆ ಎಷ್ಟು, ಚೀಲದಲ್ಲಿ ತುಂಬಿದ್ದು ಎಷ್ಟು ಎಂದು ಗಂಟೆಗಂಟೆಗೂ ಬರೆದಿಡುತ್ತಿದ್ದವಳು ನಾನು. ನನ್ನ ತಾಯಿ ಐದು ದಿನಗಳಿಂದ ತನ್ನ ರಬ್ಬ್‌ನ ಬಾಗಿಲಿನಿಂದ ತನ್ನನ್ನು ತಾನೇ ಹೊರಗಟ್ಟಿಕೊಂಡು ಮಲಗಿದ್ದಾರೆ ಎಂಬುದು ನನಗೆ ಕಾಣಿಸಲಿಲ್ಲ. ಅದನ್ನು ಕಂಡದ್ದು ನಮ್ಮ ಧರ್ಮದವಳಲ್ಲದ ಒಬ್ಬ ಹುಡುಗಿ.

ಕೂಡಲೇ ಉಮ್ಮ ತುಂಬಾ ಗೌರವಿಸುವ ಒಬ್ಬ ಉಸ್ತಾದರಿಗೆ ಫೋನ್ ಮಾಡಿದೆ. ಅವರು ಮೊದಲು ಪ್ರವಚನ ಕೊಡಲಿಲ್ಲ, ಪ್ರಶ್ನೆ ಕೇಳಿದರು. ಗಾಯ ಎಲ್ಲಿದೆ? ಸೊಂಟದಲ್ಲಿ. ಸೊಂಟ ವುಝೂವಿನ ಅಂಗವೇ? ಅಲ್ಲ. ಮುಖ, ಕೈ, ಕಾಲಿಗೆ ನೀರು ಮುಟ್ಟಬಾರದೆಂದು ವೈದ್ಯರು ಹೇಳಿದ್ದಾರೆಯೇ? ಇಲ್ಲ. “ಹಾಗಾದರೆ ನೀರಿನಲ್ಲೇ ವುಝೂ ಮಾಡಿಸಿ. ತಾನೇ ಮಾಡಿಕೊಳ್ಳಲಾಗದಿದ್ದರೆ ನೀನು ಮಾಡಿಸು” ಎಂದರು. ಶಸ್ತ್ರಚಿಕಿತ್ಸೆ ಎಂದರೆ ನೀರೇ ಮುಟ್ಟಬಾರದು ಎಂದು ನಮ್ಮಷ್ಟಕ್ಕೆ ನಾವೇ ತೀರ್ಮಾನಿಸಿದ್ದೆವು, ನೋಡಿ! ಇದ್ದ ತೊಡಕು ಕೈಯ ಮೇಲಿನ ಡ್ರಿಪ್ಪಿನ ಪಟ್ಟಿ ಮಾತ್ರ. ಅದರ ಮೇಲೆ ಒದ್ದೆ ಕೈಯಿಂದ ಸವರಿ, ಆ ಭಾಗಕ್ಕಾಗಿ ತಯಮ್ಮುಮ್ ಕೂಡಾ ಮಾಡಲಿ ಎಂದರು. ಕರಾವಳಿಯ ನಾವು ಹೆಚ್ಚಿನವರು ಶಾಫಿ ಮದ್‌ಹಬ್‌ನವರು. ನಮ್ಮಲ್ಲಿ ತಯಮ್ಮುಮ್‌ಗೆ ಧೂಳಿರುವ ಶುದ್ಧ ಮಣ್ಣೇ ಬೇಕು. ಘಟ್ಟದ ಮೇಲೆ ಹೆಚ್ಚಾಗಿರುವ ಹನಫಿಗಳಲ್ಲಿ ಶುದ್ಧವಾದ ಕಲ್ಲೂ ಆಗುತ್ತದೆ. ಇಂತಹ ಸಣ್ಣಪುಟ್ಟ ವ್ಯತ್ಯಾಸಗಳು ಹಲವಿವೆ. ನಾನು ಬರೆದದ್ದನ್ನೇ ನೆಚ್ಚಿಕೊಳ್ಳದೆ, ನಿಮ್ಮ ರೋಗಿಯ ಸ್ಥಿತಿಯನ್ನು ವಿವರಿಸಿ ನಿಮ್ಮ ವಿದ್ವಾಂಸರನ್ನೇ ಕೇಳಿ.

ಮೂತ್ರದ ಚೀಲದ ಬಗ್ಗೆ ಹೇಳುವಾಗ ನನ್ನ ಸ್ವರ ನಡುಗಿತು. ಉಸ್ತಾದರು, “ತಡೆಯಲಾಗದ್ದಕ್ಕೆ ಅಲ್ಲಾಹನು ಹಿಡಿಯುವುದಿಲ್ಲ. ಸಮಯ ಪ್ರವೇಶಿಸಿದ ಮೇಲೆ ಶುಚಿಗೊಳಿಸಿ, ಪ್ರತಿ ಫರ್ಝ್‌ಗೂ ಹೊಸದಾಗಿ ವುಝೂ ಮಾಡಿಸಿ, ತಡಮಾಡದೆ ನಮಾಝ್ ಮಾಡಲಿ. ಗುಣವಾದ ಮೇಲೆ ಮರಳಿ ಮಾಡಬೇಕಾದದ್ದು ಇದೆಯೇ ಎಂಬುದನ್ನು ಆಗ ನೋಡೋಣ. ಈಗ ಸಮಯವನ್ನು ಬಿಡಬೇಡಿ” ಎಂದರು. ಅನಂತರ ಇಮ್ರಾನ್ ಬಿನ್ ಹುಸೈನ್‌(ರ)ರನ್ನು ನೆನಪಿಸಿದರು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಅವರು ನಮಾಝ್ ಹೇಗೆ ಮಾಡಲಿ ಎಂದು ಕೇಳಿದಾಗ ಪ್ರವಾದಿಯವರು(ಸ) ನಿಂತು ಮಾಡು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡು ಎಂದಿದ್ದರು. ಬುಖಾರಿಯಲ್ಲಿರುವ ಈ ಹದೀಸನ್ನು ಮದ್ರಸದಲ್ಲಿ ನಾನೂ ಓದಿದ್ದೆ. ಆದರೆ ಅದನ್ನು ಕೇಳಿದವರೂ ಒಬ್ಬ ರೋಗಿ, ಅದರಲ್ಲೂ ಹೇಳಿಕೊಳ್ಳಲು ನಾಚುವಂತಹ ರೋಗದ ರೋಗಿ ಎಂಬುದು ನನಗೆ ಹೊಳೆದದ್ದು ಅಂದೇ. ಅಷ್ಟು ಮುಜುಗರದ ಕಾಯಿಲೆಯನ್ನು ಅವರು ಪ್ರವಾದಿಯವರ(ಸ) ಮುಂದೆ ಇಟ್ಟರು. ನಾವು ಒಂದು ಫೋನ್ ಮಾಡಲು ಐದು ದಿನ ತಡಮಾಡಿದೆವು.

ಅಂದು ಮಧ್ಯಾಹ್ನ ಮಗ ಮನೆಯ ಜಗಲಿಯ ಮೂಲೆಯಿಂದ ಮಳೆ ತಾಗದ ಒಣ ಮಣ್ಣನ್ನು ಜರಡಿ ಹಿಡಿದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ತಂದ. ಗಾಯದ ಹತ್ತಿರ ಮಣ್ಣು ಸುಳಿಯಬಾರದೆಂದು ಸಿಸ್ಟರ್ ಹೇಳಿದ್ದರಿಂದ ಉಮ್ಮನ ಎದೆಯ ಕೆಳಗೆ ಒಂದು ಹಾಳೆ ಹರಡಿ, ಕೆಲಸವಾದ ಕೂಡಲೇ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆವು. ಕಾಲು ತೊಳೆಯುವುದು ಹೇಗೆ ಎಂಬುದು ನನ್ನ ದೊಡ್ಡ ಚಿಂತೆಯಾಗಿತ್ತು. ಕಾಲುಗಳು ಒಂದಕ್ಕೊಂದು ಅಡ್ಡ ಬರದಂತೆ ನಡುವೆ ದಪ್ಪ ದಿಂಬು ಇಟ್ಟಿದ್ದರು. ಸೊಂಟ ತಿರುಚಬಾರದು. ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟವೆಲ್ ಇಟ್ಟು, ಕಾಲನ್ನು ಇದ್ದಲ್ಲೇ ಇರಿಸಿ ಸಣ್ಣ ಲೋಟದಿಂದ ನೀರು ಹಾಕುವುದನ್ನು ಸಿಸ್ಟರೇ ತೋರಿಸಿಕೊಟ್ಟರು. ಉಗುರುಬೆಚ್ಚಗಿನ ಆ ನೀರು ಪಾದದ ಮೇಲೆ ಬಿದ್ದಾಗ ಉಮ್ಮ ಕಣ್ಣು ಮುಚ್ಚಿದರು.

ಇನ್ನು ಕಿಬ್ಲಾ. ಮಂಗಳೂರಿನಿಂದ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರದ ಕಡೆ ವಾಲಿ ಬರುತ್ತದೆ. ಉಮ್ಮನ ಮಂಚವೋ, ತಲೆ ಪಶ್ಚಿಮದ ಗೋಡೆಗೆ, ಮುಖ ಪೂರ್ವಕ್ಕೆ! ತಿರುಗಿಸಲಾಗದಿದ್ದರೆ ಇದ್ದಂತೆಯೇ ಮಾಡಲಿ ಎಂದು ಉಸ್ತಾದರು ಹೇಳಿದ್ದರು. ಸಿಸ್ಟರ್ ಮತ್ತು ಆಯಾ ಮಂಚದ ಗಾಲಿಗಳ ಬೀಗ ಬಿಡಿಸಿ, ಡ್ರಿಪ್ಪಿನ ಕಂಬವನ್ನೂ ಸುತ್ತುಹಾಕಿಸಿ, ಎರಡೇ ನಿಮಿಷದಲ್ಲಿ ತಿರುಗಿಸಿಬಿಟ್ಟರು. ಪಕ್ಕದ ಮಂಚದಲ್ಲಿದ್ದ ಶೆಟ್ಟರ ಮನೆಯ ಅಜ್ಜಿ, ಯಾರೂ ಹೇಳದೆಯೇ ಟಿವಿಯ ಸದ್ದು ನಿಲ್ಲಿಸಿದರು. ಮಂಚದ ತಲೆಯ ಭಾಗವನ್ನು ಎತ್ತಿ ಒರಗಿ ಕುಳ್ಳಿರಿಸಿ, ನಮಾಝಿನ ಬಟ್ಟೆಯನ್ನು ಮುಂದಿನಿಂದ ಹೊದಿಸಿದೆ. ರುಕೂಗೆ ತಲೆಯನ್ನು ಸ್ವಲ್ಪ ಬಾಗಿಸಿ, ಸುಜೂದ್‌ಗೆ ಅದಕ್ಕಿಂತ ಹೆಚ್ಚು ಬಾಗಿಸಿ ಉಮ್ಮ ಝುಹರ್ ಮುಗಿಸಿದರು. ಸಲಾಮ್ ಹೇಳಿದವರೇ ನನ್ನ ಕಡೆ ತಿರುಗಿ, “ಇನ್ನು ಆ ದಿನದ ಅಸರ್” ಎಂದರು. ಬಿದ್ದ ದಿನದ ಅಸರ್! ಅದನ್ನು ಅವರು ಅರಿವಳಿಕೆಯಲ್ಲೂ, ಎರಡು ರಾತ್ರಿಗಳ ಗೊಂದಲದಲ್ಲೂ ಕಳೆದುಕೊಂಡಿರಲಿಲ್ಲ. ಸಂಜೆ ಗಂಜಿಯ ಬಟ್ಟಲು ಖಾಲಿಯಾಯಿತು. ಮರುದಿನ ಫಿಸಿಯೋಥೆರಪಿಯ ಹುಡುಗಿ ಬಂದಾಗ ಉಮ್ಮ ತಾನೇ ವಾಕರಿಗೆ ಕೈಚಾಚಿದರು.

ನಮಾಝ್ ಮಾಡಿದ್ದರಿಂದ ಮೂಳೆ ಬೇಗ ಕೂಡಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಭಯ. ಗುಣವಾಗದವರ ನಮಾಝ್ ಸ್ವೀಕೃತವಾಗಲಿಲ್ಲವೇ ಹಾಗಾದರೆ? ನಾನು ಕಂಡದ್ದು ಇಷ್ಟೇ: ದಿನ ಮತ್ತು ಹೊತ್ತನ್ನು ಹೇಳುತ್ತಿರಿ ಎಂದು ವೈದ್ಯರು ಹೇಳಿದ್ದ ಕೆಲಸವನ್ನು ನಾನು ಮಾಡಿದಾಗ ಉಮ್ಮನಿಗೆ “ಮಂಗಳವಾರ, ಮೂರೂವರೆ ಗಂಟೆ” ಎಂಬುದು ತಲೆಗೆ ಹೋಗುತ್ತಿರಲಿಲ್ಲ. “ಉಮ್ಮಾ, ಅಸರ್ ಆಯಿತು” ಎಂದರೆ ಕಣ್ಣು ಅರಳುತ್ತಿತ್ತು. ಸುಬಹಿ, ಝುಹರ್, ಅಸರ್, ಮಗ್ರಿಬ್, ಇಶಾ. ಹಗಲು ರಾತ್ರಿ ಒಂದೇ ಆಗಿಬಿಡುವ ಆಸ್ಪತ್ರೆಯ ಕೋಣೆಯಲ್ಲಿ ಅವರಿಗೆ ಹಿಡಿದುಕೊಳ್ಳಲು ಐದು ಮೆಟ್ಟಿಲುಗಳು ಸಿಕ್ಕಿದವು.

ಸಂದರ್ಶಕರ ವಿಷಯ ಬರೆಯದಿದ್ದರೆ ಈ ಲೇಖನ ಅಪೂರ್ಣವಾದೀತು, ಬರೆದರೆ ನೆಂಟರು ಮುನಿದಾರು! ರೋಗಿಯನ್ನು ಸಂದರ್ಶಿಸುವುದು ಎಷ್ಟು ದೊಡ್ಡ ಪುಣ್ಯ ಎಂಬುದು ನಮಗೆಲ್ಲ ಗೊತ್ತು. ನಾನು ರೋಗಿಯಾಗಿದ್ದಾಗ ನೀನು ನನ್ನನ್ನು ಸಂದರ್ಶಿಸಲಿಲ್ಲವೇಕೆ ಎಂದು ಅಂತ್ಯದಿನದಲ್ಲಿ ಅಲ್ಲಾಹನು ಕೇಳುವನೆಂಬ ಹದೀಸ್ ಮುಸ್ಲಿಮ್‌ನಲ್ಲಿದೆ. ಆದರೆ ಒಂದು ಭಾನುವಾರ ಉಮ್ಮನ ಕೋಣೆಯಲ್ಲಿ ಹನ್ನೆರಡು ಮಂದಿ ಸೇರಿದ್ದರು. ಒಬ್ಬರು, ಇದೇ ಆಪರೇಷನ್ ಆದ ತನ್ನ ನಾದಿನಿಯ ಅತ್ತೆ ಮತ್ತೆ ಎದ್ದೇ ಇಲ್ಲ ಎಂದು ವಿವರವಾಗಿ ಹೇಳಿದರು. ಇನ್ನೊಬ್ಬರು, ಯಾವ ತಪ್ಪಿಗೆ ಈ ಪರೀಕ್ಷೆಯೋ ಎಂದು ನಿಟ್ಟುಸಿರಿಟ್ಟರು. ಅಂದು ರಾತ್ರಿ ಉಮ್ಮ ನನ್ನನ್ನು ಕೇಳಿದ್ದು, “ನಾನು ಏನು ತಪ್ಪು ಮಾಡಿದ್ದೆ?” ಪ್ರವಾದಿಯವರು(ಸ) ಜ್ವರ ಪೀಡಿತ ಗ್ರಾಮೀಣನೊಬ್ಬನನ್ನು ನೋಡಲು ಹೋದಾಗ ಚಿಂತಿಸಬೇಡ, ಅಲ್ಲಾಹನಿಚ್ಛಿಸಿದರೆ ಇದು ನಿನ್ನನ್ನು ಶುದ್ಧಗೊಳಿಸುವುದು ಎಂಬರ್ಥದ ಚಿಕ್ಕ ಮಾತನ್ನು ಹೇಳಿದ್ದರು. ಅಷ್ಟು ಸಾಕು. ಒಂದು ದುಆ, ಒಂದು ಮುಗುಳ್ನಗೆ, ಹತ್ತು ನಿಮಿಷ. ನರ್ಸಿಂಗ್ ವೃತ್ತಿಗೆ ಹೆಸರು ತಂದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಕುರಿತಾದ ಪುಸ್ತಕದಲ್ಲಿ, ರೋಗಿಯ ಮುಂದೆ ಪೊಳ್ಳು ಭರವಸೆ ಮತ್ತು ಉಪದೇಶಗಳನ್ನು ಹರಟುವವರಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಈ ಕಾಟ ನಮ್ಮ ಊರಿನದ್ದು ಮಾತ್ರವಲ್ಲವೆಂದು ಸಮಾಧಾನಪಟ್ಟುಕೊಳ್ಳೋಣ.

ಅವರಿಗಿಂತ ಹನ್ನೆರಡು ಶತಮಾನಗಳ ಹಿಂದೆಯೇ ಮದೀನಾದ ಮಸೀದಿಯ ಅಂಗಳದಲ್ಲಿ ಗಾಯಾಳುಗಳಿಗೊಂದು ಡೇರೆಯಿತ್ತು. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ತೋಳಿಗೆ ಬಾಣ ನಾಟಿದ ಸಅದ್ ಬಿನ್ ಮುಆದ್‌(ರ)ರನ್ನು, ಹತ್ತಿರದಿಂದ ನೋಡಿಕೊಳ್ಳಲು ಅನುಕೂಲವಾಗಲೆಂದು ಪ್ರವಾದಿಯವರು(ಸ) ಮಸೀದಿಯಲ್ಲೇ ಡೇರೆಯಲ್ಲಿರಿಸಿದರು. ಅಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ರುಫೈದಾ(ರ) ಎಂಬ ಮಹಿಳೆ ಎಂದು ಪ್ರವಾದಿ ಚರಿತ್ರೆಗಳು ಹೇಳುತ್ತವೆ. ಗಾಯದ ಪಟ್ಟಿ ಬದಲಿಸುವ ಕೈ ಮತ್ತು ನಮಾಝಿನ ಸಾಲು, ಎರಡೂ ಒಂದೇ ಅಂಗಳದಲ್ಲಿ! ಆಸ್ಪತ್ರೆಯ ಕೋಣೆಯಲ್ಲಿ ಮಣ್ಣಿನ ಡಬ್ಬಿಯ ಪಕ್ಕದಲ್ಲೇ ಇಂಜೆಕ್ಷನ್ ಟ್ರೇಯನ್ನು ನೋಡಿದಾಗಲೆಲ್ಲ ನನಗೆ ಆ ಡೇರೆ ನೆನಪಾಗುತ್ತಿತ್ತು.

ಎರಡು ವಾರದ ಹೊತ್ತಿಗೆ ಗಾಯದ ಪಿನ್ನುಗಳನ್ನು ತೆಗೆದರು. ಮನೆಗೆ ಬಂದೆವು. ಕಷ್ಟ ಮುಗಿಯಿತೆಂದುಕೊಂಡೆ. ನಿಜವಾದ ಅಪಾಯ ಮನೆಯಲ್ಲೇ ಕಾದಿತ್ತು.

ಇಂತಹ ಶಸ್ತ್ರಚಿಕಿತ್ಸೆಯಾದವರು ನೆಲದ ಮೇಲೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಸೊಂಟವನ್ನು ತೀರಾ ಮಡಚಿ ಬಾಗಬಾರದು, ತಗ್ಗಾದ ಕುರ್ಚಿಯಲ್ಲಿ ಕುಳಿತುಕೊಳ್ಳಬಾರದು ಎಂದು ವೈದ್ಯರು ಉಮ್ಮನ ಮುಂದೆಯೇ ಹೇಳಿ ಕಳಿಸಿದ್ದರು. ಹೊಸ ಕೀಲು ಜಾರಿದರೆ ಮತ್ತೆ ಥಿಯೇಟರಿಗೇ ಹೋಗಬೇಕಾದೀತು. ಆದ್ದರಿಂದ ಎತ್ತರದ, ಕೈಗಳಿರುವ ಗಟ್ಟಿ ಕುರ್ಚಿಯೊಂದನ್ನು ಕಿಟಕಿಯ ಬಳಿ ಹಾಕಿದ್ದೆವು. ಉಮ್ಮ ಅದರಲ್ಲಿ ಕುಳಿತೇ ನಮಾಝ್ ಮಾಡುತ್ತಿದ್ದರು, ಆದರೆ ಮುಖದಲ್ಲಿ ಅತೃಪ್ತಿ. ನೋಡಲು ಬಂದ ನೆರೆಮನೆಯವರೊಬ್ಬರು, “ಈಗ ಎಲ್ಲರದ್ದೂ ಕುರ್ಚಿ ನಮಾಝೇ. ನೆಲಕ್ಕೆ ಹಣೆ ಇಡದ ಸುಜೂದ್ ಎಂತಹ ಸುಜೂದ್?” ಎಂದು ಹೇಳಿ ಹೋಗಿದ್ದರು. ತಮಗೆ ಸೋಮಾರಿತನ ಬೇಡವೆಂದು ಹೇಳಿಕೊಂಡ ಮಾತಿರಬಹುದು. ಕೇಳಿದವರು ಮೂಳೆ ಮುರಿದವರು.

ಒಂದು ರಾತ್ರಿ ಮೂರೂವರೆಗೆ ಉಮ್ಮನ ಕೋಣೆಯಿಂದ ವಾಕರ್ ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ, ಉಮ್ಮ ಮಂಚದ ಕಾಲನ್ನು ಎರಡೂ ಕೈಗಳಲ್ಲಿ ಹಿಡಿದು, ಒಳ್ಳೆಯ ಕಾಲನ್ನು ಮಡಚಿ ಅರ್ಧ ಕೆಳಗಿಳಿದಿದ್ದಾರೆ. ನೆಲದಲ್ಲಿ ಅವರ ಹಳೆಯ ಮುಸಲ್ಲ ಹಾಸಿದೆ. ಮೇಲಕ್ಕೂ ಬರಲಾರರು, ಕೆಳಕ್ಕೂ ಹೋಗಲಾರರು. ಬೆವರಿನಲ್ಲಿ ತೊಯ್ದಿದ್ದರು. ನಾನೂ ಮಗನೂ ಸೇರಿ ಹೇಗೋ ಎತ್ತಿ ಮಂಚದ ಮೇಲೆ ಕುಳ್ಳಿರಿಸಿದೆವು. ಅನಂತರ ನಾನು ಉಮ್ಮನಿಗೆ ಗದರಿಸಿದೆ. ಹೌದು, ಹೆತ್ತ ತಾಯಿಗೆ ಗದರಿಸಿದೆ. “ನಿಮಗೆ ಹುಚ್ಚೇ? ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವವರು ಯಾರು?” ಎಂದೆ. ಅವರು ತಲೆತಗ್ಗಿಸಿ, “ಒಂದೇ ಒಂದು ಸುಜೂದ್ ಮಾಡಬೇಕೆನಿಸಿತು” ಎಂದರು. ಬರೆಯುವಾಗಲೂ ನನ್ನ ಕೈ ನಿಲ್ಲುತ್ತದೆ.

ಕೀಲು ಜಾರಿರಲಿಲ್ಲ. ವೈದ್ಯರಿಗೆ ತೋರಿಸಿ ಬಂದ ಮರುದಿನ ಉಸ್ತಾದರೇ ಮನೆಗೆ ಬಂದರು. ಬಾಗಿಲ ಪರದೆಯ ಆಚೆ ಕುಳಿತು ಉಮ್ಮನಿಗೆ ಒಂದು ಘಟನೆ ಹೇಳಿದರು. ಪ್ರವಾದಿಯವರ(ಸ) ಕಾಲದಲ್ಲಿ ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ತಾಗಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ ತಯಮ್ಮುಮ್ ಮಾಡಬಹುದೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರಿರುವಾಗ ನಿನಗೆ ರಿಯಾಯಿತಿ ಇಲ್ಲ ಎಂದು ಅವರು ಹೇಳಿಬಿಟ್ಟರು. ಆ ಗಾಯಾಳು ಸ್ನಾನ ಮಾಡಿದರು, ಸತ್ತುಹೋದರು. ವಿಷಯ ತಿಳಿದಾಗ ಪ್ರವಾದಿಯವರು(ಸ) ತೀವ್ರವಾಗಿ ಕೋಪಗೊಂಡು, ಅವರೇ ಆತನನ್ನು ಕೊಂದರೆಂದೂ, ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದೂ ಹೇಳಿದರು. ಅಬೂದಾವೂದ್‌ನಲ್ಲಿರುವ ಘಟನೆಯಿದು.

ಕುರ್ಚಿಯ ಬಗ್ಗೆ ಮಾತಾಡಿದ ನೆರೆಮನೆಯವರ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಗದರಿಸಿದ ನಾನೂ ತಲೆ ಎತ್ತಲಿಲ್ಲ. ಐದು ದಿನ ಕೇಳದೆ ಕುಳಿತವಳು ನಾನೇ ಅಲ್ಲವೇ?

ಉಸ್ತಾದರು ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದರು. ದಾಸನೊಬ್ಬ ರೋಗಿಯಾದರೆ ಅಥವಾ ಪ್ರಯಾಣದಲ್ಲಿದ್ದರೆ, ಆರೋಗ್ಯವಾಗಿ ಊರಲ್ಲಿದ್ದಾಗ ಮಾಡುತ್ತಿದ್ದ ಕರ್ಮಗಳೇ ಅವನ ಲೆಕ್ಕದಲ್ಲಿ ಬರೆಯಲ್ಪಡುತ್ತವೆ. ಅಬೂ ಮೂಸಾ ಅಲ್ ಅಶ್‌ಅರಿ(ರ) ವರದಿ ಮಾಡಿದ, ಬುಖಾರಿಯಲ್ಲಿರುವ ಹದೀಸ್. ಉಮ್ಮ ಬಹಳ ಹೊತ್ತು ಸುಮ್ಮನಿದ್ದು ಪರದೆಯ ಈಚೆಯಿಂದ ಕೇಳಿದರು:

“ಹಾಗಾದರೆ ನನ್ನ ಹಳೆಯ ಸುಜೂದ್‌ಗಳು ಈಗಲೂ ಬರೆಯಲ್ಪಡುತ್ತಿವೆಯೇ ಉಸ್ತಾದ್?”

“ಇನ್‌ಶಾ ಅಲ್ಲಾಹ್, ಈಗಲೂ” ಎಂದರು ಅವರು.

ಆ ಬಳಿಕ ಉಮ್ಮ ಕುರ್ಚಿಯ ಮೇಲೆ ಮುನಿಸಿಕೊಳ್ಳಲಿಲ್ಲ. ನೋವು ಹೆಚ್ಚಿದಾಗ ನೋವಿರುವಲ್ಲಿ ಕೈಯಿಟ್ಟು ಮೂರು ಸಲ ಬಿಸ್ಮಿಲ್ಲಾಹ್ ಹೇಳಿ, ಏಳು ಸಲ ಅಲ್ಲಾಹನ ಅಭಯ ಯಾಚಿಸುವುದನ್ನು ನನ್ನ ಮಗಳು ಅವರ ಪಕ್ಕದಲ್ಲೇ ಕುಳಿತು ಕಲಿತಳು. ಪ್ರವಾದಿಯವರು(ಸ) ಉಸ್ಮಾನ್ ಬಿನ್ ಅಬಿಲ್ ಆಸ್‌(ರ)ರಿಗೆ ಕಲಿಸಿದ ಕ್ರಮವದು. ಬೆಳಗ್ಗೆ ಎಂಟರ ಮಾತ್ರೆಯನ್ನು ಕೊಡುವುದೂ ಅವಳ ಕೆಲಸವಾಗಿತ್ತು. ಎರಡನ್ನೂ ಅವಳು ಒಂದೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು.

ಒಂದು ಶುಕ್ರವಾರ ಉಮ್ಮ ಮಡಚಿಟ್ಟಿದ್ದ ತನ್ನ ಮುಸಲ್ಲವನ್ನು ಒಗೆದು ಒಣಗಿಸಲು ಹೇಳಿದರು. ಮತ್ತೆ ನೆಲಕ್ಕಿಳಿಯುವ ಯೋಚನೆಯೋ ಎಂದು ನನಗೆ ಗಾಬರಿ. ಒಣಗಿದ ಮೇಲೆ ತಂದುಕೊಟ್ಟರೆ ಅವರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ತನ್ನ ಕುರ್ಚಿಯ ಪಕ್ಕದ ನೆಲವನ್ನು ತೋರಿಸಿ, “ಇಲ್ಲಿ ಹಾಸು. ಇನ್ನು ಮೇಲೆ ಇದರಲ್ಲಿ ನೀನು ಮಾಡು, ಆ ಅಡುಗೆ ಕೋಣೆಯ ಮೂಲೆಯಲ್ಲಿ ಅವಸರ ಅವಸರವಾಗಿ ಬೇಡ. ನಾನು ನೋಡುತ್ತಿರುತ್ತೇನೆ” ಎಂದರು. ಅಸರ್‌ನ ಸಮಯವಾಗಿತ್ತು. ಒಲೆಯ ಮೇಲೆ ಚಹಾ ಇಟ್ಟಿದ್ದೆ. ಆರಿಸಿ ಬಂದು ಹಾಸಿದೆ.